ಮೂರನೆಯ ಮತ

"ಗುರುಗಳೇ, ಮನೆಗೆ ಯಾವ ಕಂಪ್ಯೂಟರ್ ತರುವುದು ಒಳ್ಳೆಯದು? ಮೇಜಿನ ಮೇಲೆ ಇಡುವ ಡೆಸ್ಕ್‌ಟಾಪೋ, ಮಡಚಿ ಒಯ್ಯುವ ಲ್ಯಾಪ್‌ಟಾಪೋ?" ಎಂದು ನಿಜಗುಣ ಕೇಳಿದ.

ಭಾನುವಾರದ ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋಗಿದ್ದರು. ಮದುವೆಯಾಗಿ ಇಬ್ಬರು ಮಕ್ಕಳಿದ್ದ ಗೃಹಸ್ಥ ನಿಜಗುಣ. ಮೂರು ತಿಂಗಳಿಂದ ಇದೇ ಯೋಚನೆಯಲ್ಲಿದ್ದ. ಅವನು ಕೇಳಿದವರಲ್ಲಿ ಅರ್ಧ ಜನ ಯಾವುದನ್ನು ಹೊಗಳಿದ್ದರೋ ಇನ್ನರ್ಧ ಜನ ಅದನ್ನೇ ತೆಗಳಿದ್ದರು. "ಇಂಥದ್ದನ್ನು ನಿಮ್ಮ ಹತ್ತಿರ ಕೇಳಬಾರದೇನೋ. ಆದರೆ ತಲೆ ಕೆಟ್ಟುಹೋಗಿದೆ," ಎಂದ.

ಗುರು ಮರುಳಯ್ಯನವರು ನಗಲಿಲ್ಲ. "ಯಾಕೆ ಕೇಳಬಾರದು? ನನಗೆ ಗೊತ್ತಿದ್ದ ಒಬ್ಬ ಭೂಮಾಪಕನಿಗೂ ಇದೇ ಕಷ್ಟ ಬಂದಿತ್ತು. ಹೇಳುತ್ತೇನೆ ಕೇಳು," ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಭೂಮಾಪಕನಿದ್ದ. ರೈತರ ಹೊಲ ಅಳೆದು ಗಡಿ ತೋರಿಸುವುದು ಅವನ ಕೆಲಸ. ಕೈಯೂ ಶುದ್ಧ, ಅಳತೆಯೂ ಶುದ್ಧ. ಅವನು ನೆಡಿಸಿದ ಗಡಿಕಲ್ಲನ್ನು ಇನ್ನೊಬ್ಬ ಬಂದು ಒಂದು ಗೇಣು ಸರಿಸಿದ್ದಿಲ್ಲ. ಮನೆಯಲ್ಲಿ ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು. ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು. ಒಂದು ದಿನವೂ ಆ ಮನೆಯ ಜಗಳ ಬೀದಿಗೆ ಕೇಳಿಸಿರಲಿಲ್ಲ.

ಆ ವರ್ಷ ಮನೆಗೊಂದು ಕಂಪ್ಯೂಟರ್ ತರಬೇಕೆಂದು ತೀರ್ಮಾನವಾಯಿತು. ಅವನಿಗೆ ನಕ್ಷೆಯ ಕೆಲಸವಿತ್ತು, ಮಗಳಿಗೆ ಪಾಠವಿತ್ತು. ಹೆಂಡತಿ ನೆರೆಹೊರೆಯವರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಹೊಸ ಮಾದರಿಗಳನ್ನು ನೋಡಲು ಅವಳಿಗೂ ಆಗುತ್ತದೆ ಎಂದುಕೊಂಡರು.

ಭೂಮಾಪಕ ಯಾವುದನ್ನೂ ಅಂದಾಜಿನ ಮೇಲೆ ಮಾಡುವವನಲ್ಲ. ನಡುಮನೆಯ ಮೂಲೆಯನ್ನು ಟೇಪು ಹಿಡಿದು ಅಳೆದ. ಕಿಟಕಿಯ ಬೆಳಕು ಕಂಪ್ಯೂಟರಿನ ಪರದೆ ಇಡುವ ಕಡೆಗೆ ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ನೋಡಿದ. ಒಂದು ತಿಂಗಳಿಡೀ ಕರೆಂಟು ಎಷ್ಟು ಸಲ ಹೋಯಿತು, ಎಷ್ಟು ಹೊತ್ತು ಹೋಯಿತು ಎಂದು ಗುರುತು ಹಾಕಿಕೊಂಡ. ಅಂಗಡಿಗಳಲ್ಲಿ ಕುಳಿತು ವಿಚಾರಿಸಿದ. ಕಾಲೇಜಿನ ಉಪನ್ಯಾಸಕರನ್ನು ಕೇಳಿದ. ಕೊನೆಗೆ ಎಲ್ಲವನ್ನೂ ಸೇರಿಸಿ ಒಂದು ಹಾಳೆಯಲ್ಲಿ ಪಟ್ಟಿ ಮಾಡಿದ. ಎಡಕ್ಕೆ ಡೆಸ್ಕ್‌ಟಾಪ್, ಬಲಕ್ಕೆ ಲ್ಯಾಪ್‌ಟಾಪ್. ಒಟ್ಟು ಹತ್ತೊಂಬತ್ತು ಸಾಲು. ಅಷ್ಟು ಅಂದವಾದ ಪಟ್ಟಿಯನ್ನು ಅವನು ಕಚೇರಿಗೂ ಬರೆದುಕೊಟ್ಟಿರಲಿಲ್ಲ.

ಅವನ ಒಲವು ಡೆಸ್ಕ್‌ಟಾಪಿನ ಕಡೆಗೆ. ಪರದೆ ದೊಡ್ಡದು, ಕೆಟ್ಟರೆ ಒಂದೊಂದೇ ಭಾಗ ಬದಲಿಸಬಹುದು, ಹತ್ತು ವರ್ಷ ಬಾಳಿಕೆ ಬರುತ್ತದೆ. ಮಗಳು ಒಪ್ಪಲಿಲ್ಲ. ಲ್ಯಾಪ್‌ಟಾಪಾದರೆ ಕರೆಂಟು ಹೋದರೂ ನಡೆಯುತ್ತದೆ, ಕಾಲೇಜಿಗೂ ಒಯ್ಯಬಹುದು ಎಂದು ವಾದಿಸಿದಳು. ವಾರಗಟ್ಟಲೆ ಊಟದ ಹೊತ್ತಿನಲ್ಲಿ ಇದೇ ಮಾತು. ಹೆಂಡತಿ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು.

ಒಂದು ದಿನ ಭೂಮಾಪಕ ಹೇಳಿದ. "ನನ್ನದು ಒಂದು ಮತ, ಮಗಳದು ಒಂದು ಮತ. ಇನ್ನು ನಿನ್ನದೇ. ಹೊಲಕ್ಕೆ ಹೋಗುವ ಚೀಲದಲ್ಲಿ ಪಟ್ಟಿ ಇದೆ, ಕೊಡುತ್ತೇನೆ. ಬಿಡುವಾದಾಗ ಪೂರ್ತಿ ಓದಿ ಹೇಳು. ನೀನು ಯಾವುದು ಅನ್ನುತ್ತೀಯೋ ಅದೇ."

ಮಡಚಿದ ಹಾಳೆಯನ್ನು ಚೀಲದಿಂದ ತೆಗೆದು ಕೊಟ್ಟ. ಅವಳು ಅದನ್ನು ಹೊಲಿಗೆ ಯಂತ್ರದ ಖಾನೆಯಲ್ಲಿ ಇಟ್ಟುಕೊಂಡಳು. ಮಗಳು ಅದೇ ದಿನ ಸೋದರತ್ತೆಯ ಊರಿಗೆ ಹೊರಟಳು. ಮೂರು ದಿನ ಅಲ್ಲೇ ಇದ್ದಳು.

ಮೊದಲ ದಿನ ಅವನು ಕೇಳಿದಾಗ ಹೆಂಡತಿಗೆ ಬಿಡುವಾಗಿರಲಿಲ್ಲ. ಎರಡನೆಯ ದಿನ ತಲೆನೋವು. ಮೂರನೆಯ ದಿನ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುತ್ತ ಮತ್ತೆ ಕೇಳಿದ. "ಓದಿದೆಯಾ?"

"ಓದಿದೆ ಕಣ್ರೀ. ಎರಡು ಸಲ ಓದಿದೆ. ಕರೆಂಟು ಹೋದರೂ ನಡೆಯುತ್ತದೆ ಅಂತ ಬರೆದಿದ್ದೀರಲ್ಲ, ಆ ಮಡಚುವುದೇ ಇರಲಿ."

ತನ್ನ ಮತಕ್ಕೆ ಸೋಲಾದರೂ ಭೂಮಾಪಕನಿಗೆ ಬೇಸರವಾಗಲಿಲ್ಲ. ತಾನು ಬರೆದದ್ದನ್ನು ಎರಡು ಸಲ ಓದಿದಳಲ್ಲ ಎಂಬ ಹಿಗ್ಗಿನಲ್ಲೇ ಕಚೇರಿಗೆ ಹೋದ.

ಮಧ್ಯಾಹ್ನ ಒಬ್ಬ ರೈತ ಬಂದ. ಟವೆಲ್ಲಿನ ಗಂಟಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದ.

"ಸ್ವಾಮೇರೆ, ಹೊಲ ಅಳೆಯಲು ಯಾವತ್ತು ಬರುತ್ತೀರಿ ಅಂತ ನೋಟಿಸು ಕೊಟ್ಟಿರಲ್ಲ, ಅದು ಇದು. ನಂಗೆ ಓದಕ್ಕೆ ಬರಾಕಿಲ್ಲ. ಮೇಷ್ಟ್ರ ಹತ್ರ ಓದಿಸಿದೆ. ಇದರಲ್ಲಿ ತಾರೀಖು ಇಲ್ಲವಂತೆ, ಸರ್ವೆ ನಂಬರೂ ಇಲ್ಲವಂತೆ. ಪರದೆ ದೊಡ್ಡದು, ತೂಕ ಕಮ್ಮಿ ಅಂತ ಏನೇನೋ ಇದೆಯಂತೆ. ನಮ್ಮ ಹೊಲಕ್ಕೂ ಇದಕ್ಕೂ ಏನು ಸಂಬಂಧ?"

ಅದು ಹತ್ತೊಂಬತ್ತು ಸಾಲಿನ ಪಟ್ಟಿ. ಕಚೇರಿಯವರೆಲ್ಲ ಬಿದ್ದು ಬಿದ್ದು ನಕ್ಕರು. ರೈತನೂ ನಕ್ಕ. ಭೂಮಾಪಕನೂ ನಗಲು ಬಾಯಿ ತೆರೆದ. ನಗು ಅರ್ಧಕ್ಕೇ ನಿಂತಿತು. ಪಟ್ಟಿ ಈ ರೈತನ ಕೈ ಸೇರಿದ್ದರೆ, ಮನೆಯಲ್ಲಿ ಹೆಂಡತಿಯ ಕೈ ಸೇರಿದ್ದು ಏನು? ಅವಳು ಎರಡು ಸಲ ಓದಿದ್ದು ಏನನ್ನು?

ಸಂಜೆ ಅವನು ನೇರವಾಗಿ ಹೊಲಿಗೆ ಯಂತ್ರದ ಬಳಿಗೆ ಹೋದ. ಖಾನೆ ಎಳೆದ. ಹಾಳೆ ಅಲ್ಲೇ ಇತ್ತು. ರೈತನ ಹೆಸರು, ಸರ್ವೆ ನಂಬರು, ಅಳತೆಯ ತಾರೀಖು, ಕೆಳಗೆ ತನ್ನದೇ ಸಹಿ. ಕಂಪ್ಯೂಟರಿನ ಒಂದು ಅಕ್ಷರವೂ ಅದರಲ್ಲಿರಲಿಲ್ಲ.

ಅವನಿಗೆ ಮೊದಲು ಬಂದದ್ದು ಸಿಟ್ಟು. ಮೂರು ತಿಂಗಳ ಶ್ರಮ. ಕಣ್ಣು ಹಾಯಿಸುವಷ್ಟೂ ಬೆಲೆ ಕೊಡದೆ, ಓದಿದೆ ಎಂದು ಮುಖಕ್ಕೇ ಸುಳ್ಳು ಹೇಳಿದ್ದಾಳೆ. ಆ ಮನೆಯಲ್ಲಿ ಮೊದಲ ಸಲ ಅವನ ದನಿ ಬೀದಿಗೆ ಕೇಳಿಸಿತು.

"ಇದೇನಾ ನೀನು ಓದಿದ್ದು? ಓದು ನೋಡೋಣ! ಇದರಲ್ಲಿ ಕರೆಂಟು ಎಲ್ಲಿದೆ, ಮಡಚುವುದು ಎಲ್ಲಿದೆ, ತೋರಿಸು!"

ಹಾಳೆಯನ್ನು ಅವಳ ಮುಖದ ಮುಂದೆ ಹಿಡಿದ. ಅವಳು ಹಾಳೆಯ ಕಡೆ ನೋಡಲಿಲ್ಲ. ಬಾಗಿಲ ಕಡೆ ನೋಡಿದಳು. ಊರಿನಿಂದ ಆಗಷ್ಟೇ ಬಂದ ಮಗಳು ಕೈಯಲ್ಲಿ ಚೀಲ ಹಿಡಿದು ಅಲ್ಲಿ ನಿಂತಿದ್ದಳು.

"ಅಪ್ಪಾ, ಸಾಕು ಬಿಡಿ. ಅಮ್ಮನಿಗೆ ಓದಲು ಬರುವುದಿಲ್ಲ."

ಭೂಮಾಪಕನಿಗೆ ಆ ಮಾತು ಕೇಳಿಸಿತು. ಅರ್ಥವಾಗಲಿಲ್ಲ. "ಏನಂದೆ?" ಎಂದ. ಮಗಳು ಮತ್ತೊಮ್ಮೆ ಹೇಳಿದಳು. ಅವನು ಹೆಂಡತಿಯ ಮುಖ ನೋಡಿದ, ಅವಳು ಅಲ್ಲಗಳೆಯಲೆಂದು ಕಾದ. ಅವಳು ಅಲ್ಲಗಳೆಯಲಿಲ್ಲ. ಸೆರಗಿನ ತುದಿಗೆ ಅಂಟಿದ್ದ ದಾರದ ಎಳೆಯನ್ನು ಬಿಡಿಸುತ್ತ ನಿಂತಳು. ಅವನ ಕೈಯ ಹಾಳೆ ನೆಲಕ್ಕೆ ಬಿತ್ತು. ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

ಮದುವೆಯ ಮಾತುಕತೆಯಲ್ಲಿ ಹುಡುಗಿ ಏಳನೇ ತರಗತಿ ಪಾಸು ಎಂದಿದ್ದರು. ಮಾವ ರಸ್ತೆ ಕೆಲಸದ ಮೇಸ್ತ್ರಿ. ಕೆಲಸ ಇದ್ದ ಕಡೆಯೆಲ್ಲ ಸಂಸಾರ ಸಾಗುತ್ತಿತ್ತು. ಆ ಡೇರೆಗಳ ಬಾಳಿನಲ್ಲಿ ಶಾಲೆ ಎಲ್ಲಿತ್ತು ಎಂದು ಅವನು ಯಾವತ್ತೂ ಕೇಳಿರಲಿಲ್ಲ. ಅವಳು ಸಹಿ ಮಾಡುವುದನ್ನು ನೋಡಿದ್ದ. ಅದು ಬರೆದದ್ದಲ್ಲ, ರಂಗೋಲಿಯಂತೆ ಕಲಿತು ಬಿಡಿಸಿದ್ದು ಎಂದು ಈಗ ಹೊಳೆಯಿತು. ಬೆಳಿಗ್ಗೆ ಪೇಪರು ಅವನ ಮುಂದಿಟ್ಟು "ಇವತ್ತೇನು ವಿಶೇಷ?" ಎನ್ನುತ್ತಿದ್ದಳು. ಮದುವೆ ಕರೆಯೋಲೆ ಬಂದರೆ "ನೀವೇ ಓದಿ, ನಿಮ್ಮ ದನಿಯಲ್ಲಿ ಕೇಳಲು ಚೆಂದ" ಎನ್ನುತ್ತಿದ್ದಳು. ಅವನು ಉಬ್ಬಿಹೋಗಿ ಓದುತ್ತಿದ್ದ. ಅದರಲ್ಲಿ ಪ್ರೀತಿ ಎಷ್ಟು, ಉಪಾಯ ಎಷ್ಟು ಎಂದು ಬೇರ್ಪಡಿಸಲು ಹೋದ. ಆಗಲಿಲ್ಲ.

"ನಿನಗೆ ಯಾವಾಗಿನಿಂದ ಗೊತ್ತು?" ಎಂದು ಮಗಳನ್ನು ಕೇಳಿದ.

"ಎರಡನೇ ಕ್ಲಾಸಿನಿಂದ. ಶಾಲೆಯ ಚೀಟಿಗಳನ್ನು ನಾನೇ ಅಮ್ಮನಿಗೆ ಓದಿ ಹೇಳುತ್ತಿದ್ದೆ. ನಿಮಗೆ ಹೇಳುವುದಿಲ್ಲ ಅಂತ ಆಣೆ ಹಾಕಿಸಿಕೊಂಡಿದ್ದಳು."

ಏಳು ವರ್ಷದ ಮಗುವಿಗೆ ಗೊತ್ತಾದದ್ದು ತನಗೆ ಇಪ್ಪತ್ತು ವರ್ಷ ಗೊತ್ತಾಗಲಿಲ್ಲ.

ಆಗ ಹೆಂಡತಿ ಬಾಯಿ ಬಿಟ್ಟಳು. ದನಿಯಲ್ಲಿ ಅಳು ಇರಲಿಲ್ಲ. "ಇವಳಿಗೆ ಮೂರು ವರ್ಷವಿದ್ದಾಗ ಜ್ವರ ಬಂದಿತ್ತು, ನೆನಪಿದೆಯಾ? ಎರಡು ಬಾಟಲಿ ತಂದಿಟ್ಟು ನೀವು ಕೆಲಸಕ್ಕೆ ಹೋದಿರಿ. ಒಂದು ಕುಡಿಯುವ ಔಷಧ, ಇನ್ನೊಂದು ಗಾಯ ತೊಳೆಯುವುದು. ಎರಡೂ ಒಂದೇ ಬಣ್ಣ. ಯಾವುದು ಯಾವುದೆಂದು ನೀವು ಹೇಳಿಹೋದದ್ದು ನನಗೆ ಮರೆತುಹೋಯಿತು. ಚಮಚಕ್ಕೆ ಹುಯ್ದೆ. ಇವಳ ತುಟಿಯ ತನಕ ತಂದೆ. ಖಾತ್ರಿಯಾಗದೆ ಚಮಚ ಕೆಳಗಿಟ್ಟೆ. ಮಗುವನ್ನೂ ಬಾಟಲಿಗಳನ್ನೂ ಎತ್ತಿಕೊಂಡು ಆಸ್ಪತ್ರೆಯ ಕಾಂಪೌಂಡರ್ ಮನೆಗೆ ಓಡಿದೆ. ಅವರು ನೋಡಿ, ಚಮಚಕ್ಕೆ ಹುಯ್ದಿದ್ದು ಗಾಯದ್ದು ಅಂದರು."

ಭೂಮಾಪಕನಿಗೆ ನೆನಪಿತ್ತು. ಜ್ವರದ ಮಗುವನ್ನು ಉರಿಬಿಸಿಲಿಗೆ ಒಯ್ದೆಯಾ, ಬುದ್ಧಿ ಇಲ್ಲವಾ ಎಂದು ಅವತ್ತು ಬೈದಿದ್ದ. ಅವಳು ಸುಮ್ಮನೆ ಬೈಸಿಕೊಂಡಿದ್ದಳು. ಈಗ ಅವನು ಮಗಳ ಕಡೆ ತಿರುಗಿದ. ಬೆಳೆದು ನಿಂತ ಹುಡುಗಿಯನ್ನು ಅಡಿಯಿಂದ ಮುಡಿಯ ತನಕ ನೋಡಿದ.

"ಅಷ್ಟಾದ ಮೇಲಾದರೂ ನನಗೆ ಒಂದು ಮಾತು ಹೇಳಬಾರದಿತ್ತೇ? ನಾನೇನು ನಿನ್ನನ್ನು ಬಿಟ್ಟುಬಿಡುತ್ತಿದ್ದೆನೇ?"

"ಮದುವೆಯಾದ ನಾಲ್ಕನೇ ದಿನ ನಿಮ್ಮ ಮನೆಯಲ್ಲಿ ಬೀಗರ ಊಟ. ನೀವು ಕಚೇರಿಯ ಕತೆ ಹೇಳುತ್ತಿದ್ದಿರಿ. ಯಾರೋ ಒಬ್ಬಳು ಹೆಬ್ಬೆಟ್ಟು ಒತ್ತಲು ಬಂದು, ಮಸಿ ಮೆತ್ತಿದ ಬೆರಳನ್ನು ಎಲ್ಲಿ ಒರೆಸಬೇಕು ಗೊತ್ತಾಗದೆ ತಲೆಗೆ ಒರೆಸಿಕೊಂಡಳಂತೆ. ನೀವು ಹೆಬ್ಬೆರಳನ್ನು ಪಾಯಸದಲ್ಲಿ ಅದ್ದಿ, ಎಲೆಯ ಮೇಲೆ ಒತ್ತಿ, ಅವಳ ಹಾಗೆಯೇ ಮಾಡಿ ತೋರಿಸಿದಿರಿ. ಪಂಕ್ತಿಯೆಲ್ಲ ನಕ್ಕಿತು." ಸೆರಗಿನ ದಾರದ ಎಳೆಯನ್ನು ಕಿತ್ತುಹಾಕಿ ಹೇಳಿದಳು. "ನಾನು ಬಡಿಸುತ್ತಿದ್ದೆ. ನಾನೂ ನಕ್ಕೆ."

ಭೂಮಾಪಕನಿಗೆ ಆ ಊಟ ನೆನಪಾಗಲಿಲ್ಲ. ಎಷ್ಟು ಹುಡುಕಿದರೂ ನೆನಪಾಗಲಿಲ್ಲ. ಅವಳು ಇಪ್ಪತ್ತು ವರ್ಷ ಹೊತ್ತುಕೊಂಡಿದ್ದ ದಿನ ಅವನಿಗೆ ಒಂದು ಗಳಿಗೆಯೂ ಉಳಿದಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಬೆಚ್ಚಿಬೀಳಿಸಿದ್ದು ಅದು.

ಅವನು ತಪ್ಪಾಯಿತು ಎಂದನೋ ಇಲ್ಲವೋ ನನಗೆ ತಿಳಿಯದು. ನಾಲ್ಕು ದಿನ ಆ ಮನೆಯಲ್ಲಿ ಮಾತು ಕಡಿಮೆಯಾಯಿತು. ಅನ್ನ ಬೇಯುತ್ತಿತ್ತು, ಯಂತ್ರ ತಿರುಗುತ್ತಿತ್ತು. ಐದನೆಯ ದಿನ ಅವನು ಹೆಂಡತಿಯ ಬಳಿ ಬಂದು, "ಅಂಗಡಿಗೆ ನೀನೂ ಬಾ" ಎಂದ. ಅವಳು ಸೀರೆ ಬದಲಿಸಿಕೊಂಡು ಬಂದಳು. ಮೂವರೂ ಹೋದರು.

ಅಂಗಡಿಯವನು ಎರಡನ್ನೂ ಪಕ್ಕಪಕ್ಕ ಇಟ್ಟು, ಇದರ ವೇಗ ಇಷ್ಟು, ಅದರ ತೂಕ ಇಷ್ಟು ಎಂದು ಭೂಮಾಪಕನಿಗೆ ವಿವರಿಸತೊಡಗಿದ. ಭೂಮಾಪಕ ಪಕ್ಕಕ್ಕೆ ಸರಿದು ನಿಂತ. ಹೆಂಡತಿ ಮುಂದೆ ಬಂದಳು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. ಅವರ ಎದುರಿಗೇ ಕೇಳಿದಳು.

"ನನಗೆ ಓದಲು ಬರುವುದಿಲ್ಲ. ಇದರಲ್ಲಿ ಓದಿ ಹೇಳುವಂಥದ್ದು ಯಾವುದು?"

"ಕನ್ನಡವನ್ನೇ ಓದಿ ಹೇಳುವ ಹಾಗೆ ಮಾಡಿಕೊಡುತ್ತೇನೆ ತಾಯಿ," ಎಂದ ಅಂಗಡಿಯವನು. "ಎರಡೂ ಓದುತ್ತವೆ."

ಭೂಮಾಪಕನ ಜೇಬಿನಲ್ಲಿ ಪಟ್ಟಿ ಇತ್ತು. ಅದರ ಹತ್ತೊಂಬತ್ತು ಸಾಲಿನಲ್ಲಿ ಈ ಒಂದು ಸಾಲು ಇರಲಿಲ್ಲ.

ಅವರು ಒಂದನ್ನು ಕೊಂಡು ಮನೆಗೆ ಬಂದರು. ಮೊದಮೊದಲು ಅದು ಓದುತ್ತಿತ್ತು, ಅವಳು ಕೇಳುತ್ತಿದ್ದಳು. ಆಮೇಲೆ ಅದು ಓದಿದ ಅಕ್ಷರದ ಮೇಲೆ ಬೆರಳಿಟ್ಟು ತಾನೂ ಓದತೊಡಗಿದಳು. ಗಂಡ ಕಲಿಸಲು ಬಂದರೆ ಬೇಡ ಎನ್ನುತ್ತಿದ್ದಳು. ಅವನು ಒತ್ತಾಯ ಮಾಡಲಿಲ್ಲ. ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಲು ಯಾರಾದರೂ ಬಂದರೆ ಅವನು ಎದ್ದು ನಿಲ್ಲುತ್ತಿದ್ದ, ಒರೆಸಿಕೊಳ್ಳಲು ಬಟ್ಟೆಯನ್ನು ತಾನೇ ಕೊಡುತ್ತಿದ್ದ. ಯಾಕೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ.

ಮರುಳಯ್ಯನವರು ಇಷ್ಟು ಹೇಳಿ ಕತೆ ಮುಗಿಸಿದರು.

ನಿಜಗುಣ ಮುಂದಕ್ಕೆ ಬಾಗಿ ಕೇಳಿದ. "ಎಂಥ ಕತೆ ಗುರುಗಳೇ! ಆದರೆ ಕೊನೆಗೆ ಅವರು ಕೊಂಡದ್ದು ಯಾವುದನ್ನು?"

ಗುರುಗಳು ಅವನನ್ನೇ ನೋಡಿದರು.

"ನೀನು ಅವಳ ಹೆಸರು ಕೇಳುತ್ತೀಯೆಂದು ಕಾದಿದ್ದೆ."