ಗುರುಮಲ್ಲಪ್ಪನವರ ಅಪ್ಪಣೆ

ಕರೆಂಟು ಹೋಗಿ ಬಂದಾಗಲೆಲ್ಲ ಹಾಲಿನ ಸಂಘದ ಲಿನಕ್ಸ್ ಕಂಪ್ಯೂಟರು ಬಾಗಿಲಿಲ್ಲದ ಮನೆಯಾಗುತ್ತಿತ್ತು. ಇಂಟರ್ನೆಟ್ಟಿನಿಂದ ನುಗ್ಗುವ ಕಳ್ಳರನ್ನು ತಡೆಯುವ ಫೈರ್‌ವಾಲ್ ಸ್ಕ್ರಿಪ್ಟೆಂಬ ಕಾವಲು ಪ್ರೋಗ್ರಾಮನ್ನು ಆಪರೇಟರ್ ಭ್ರಮರಾಂಬ ಮತ್ತೆ ಕೈಯಾರೆ ಓಡಿಸಬೇಕಿತ್ತು.

“ಕಂಪ್ಯೂಟರ್ ಶುರುವಾದಾಗ ತಾನೇ ಓಡೋ ಹಾಗೆ ಮಾಡ್ಲಾ ಸಾರ್?” ಎಂದಳು.

ಕಾರ್ಯದರ್ಶಿ ಗುರುಮಲ್ಲಪ್ಪನವರು ಗುಡುಗಿದರು. “ನನ್ನ ಅಪ್ಪಣೆ ಇಲ್ದೆ ಇಲ್ಲೇನೂ ಓಡಕೂಡದು. ಪ್ರತಿ ಸಲ ಬಂದು ಕೇಳು!”

“ಆಗ್ಲಿ ಸಾರ್.”

ಕರೆಂಟು ಪದೇ ಪದೇ ಕೈಕೊಡುತ್ತಿದ್ದುದು ಮಧ್ಯಾಹ್ನ. ಉಂಡ ಕಾರ್ಯದರ್ಶಿಗಳು ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದುದೂ ಆಗಲೇ. ಕಂಪ್ಯೂಟರ್ ಎದ್ದಾಗಲೆಲ್ಲ ಭ್ರಮರಾಂಬ ಅವರನ್ನೂ ಎಬ್ಬಿಸಿದಳು. “ಸಾರ್, ಅಪ್ಪಣೆ?” ಕಣ್ಣು ಹತ್ತುವಷ್ಟರಲ್ಲಿ ಮತ್ತೆ, “ಸಾರ್, ಅಪ್ಪಣೆ?” ಬಿಡಲಿಲ್ಲ.

ವಾರ ತುಂಬುವ ಮೊದಲೇ ಅವರು ಕೈಮುಗಿದರು. “ತಾಯಿ, ಅದು ತಾನೇ ಓಡಲಿ, ಮಾಡಿಬಿಡು!”

ಮಾಡಿದಳು. ಮರುದಿನ ಕರೆಂಟು ಹೋಗಿ ಬಂತು. ಯಾರೂ ಎಬ್ಬಿಸಲಿಲ್ಲ. ಅಭ್ಯಾಸಬಲದಿಂದ ಗುರುಮಲ್ಲಪ್ಪನವರೇ ಬೆಚ್ಚಿ ಎದ್ದರು. “ಅದು ಓಡಿತೇನಮ್ಮಾ?”

“ಅದು ಎದ್ದ ಕೂಡಲೇ ಕೆಲಸ ಮಾಡುತ್ತೆ ಸಾರ್. ನೀವು ಮಲಕ್ಕೊಳ್ಳಿ.”