ಚೆಲುವಿಗೆ ಎರಡು ಬಾಯಾರಿಕೆ

ಒಂದು ಕುರುಚಲು ಕಾಡಿನಲ್ಲಿ ಚೆಲುವಿ ಎಂಬ ಮುಂಗುಸಿ ಇದ್ದಳು. ಕುರುಚಲು ಕಾಡು ಎಂದರೆ ದೊಡ್ಡ ಮರಗಳಿಗಿಂತ ಮುಳ್ಳುಪೊದೆಗಳೇ ಹೆಚ್ಚಾಗಿರುವ ಕಾಡು. ಅಲ್ಲಿ ನೆರಳು ಕಡಿಮೆ, ಬಿಸಿಲು ಜಾಸ್ತಿ. ಅದಕ್ಕೇ ಅಲ್ಲಿಯ ಪ್ರಾಣಿಗಳು ಹೆಚ್ಚು ಮಾತಾಡದೆ ಪೊದೆಯ ಕೆಳಗೆ ಮಲಗಿರುತ್ತಿದ್ದವು. ಚೆಲುವಿ ಮಾತ್ರ ಹಾಗಲ್ಲ. ಅವಳಿಗೆ ಪ್ರತಿಯೊಂದಕ್ಕೂ ಕಾರಣ ಬೇಕು. ನವಿಲಿನ ಗರಿ ಯಾಕೆ ಉದುರುತ್ತದೆ? ಮೊಲ ಓಡುವಾಗ ಕಿವಿಯನ್ನು ಯಾಕೆ ಹಿಂದಕ್ಕೆ ಮಡಚುತ್ತದೆ?

"ಓಡುವಾಗ ನನ್ನ ಕಿವಿ ಎಲ್ಲಿರುತ್ತದೆ ಅಂತ ನಾನು ತಿರುಗಿ ನೋಡಿದ್ದೇನೇನೇ?" ಎಂದು ಮೊಲದ ತಿಮ್ಮಕ್ಕ ಒಮ್ಮೆ ರೇಗಿದಳು. ತಿಮ್ಮಕ್ಕ ಚೆಲುವಿಯ ಗೆಳತಿ. ಗೆಳತಿಯಾದ್ದರಿಂದಲೇ ರೇಗುತ್ತಿದ್ದಳು. ಉಳಿದವರು ಚೆಲುವಿ ಬರುವುದನ್ನು ಕಂಡರೆ ಎದ್ದು ಹೋಗುತ್ತಿದ್ದರು.

ಚಳಿಗಾಲದಲ್ಲಿ ಆ ಕಾಡಿನ ಹೊಳೆಗೆ ದೂರದ ಚೀನಾ ದೇಶದಿಂದ ಒಂದು ಹೆಬ್ಬಾತು ಬರುತ್ತಿತ್ತು. ಹಿಮದ ಬೆಟ್ಟಗಳನ್ನು ದಾಟಿ ಬಂದು ಅದಕ್ಕೆ ದಣಿವಾಗಿರುತ್ತಿತ್ತು. ಆದರೂ ಚೆಲುವಿ ಬಿಡುತ್ತಿರಲಿಲ್ಲ. ಬೆಟ್ಟದ ಆಚೆ ಏನಿದೆ, ಹಿಮ ಎಂದರೇನು, ದಾರಿ ಹೇಗೆ ನೆನಪಿರುತ್ತದೆ ಎಂದೆಲ್ಲ ಕೇಳುತ್ತಿದ್ದಳು. ಒಂದು ಸಲ ಹೆಬ್ಬಾತು ನಕ್ಕು, "ನಮ್ಮ ಕಡೆ ನಿನ್ನಂಥವರನ್ನು ಕಂಡರೆ, ಇವರಿಗೆ ತಿಳಿವಳಿಕೆಯ ಬಾಯಾರಿಕೆ ಅನ್ನುತ್ತಾರೆ. ಗಂಟಲು ಒಣಗಿದವರು ನೀರು ಹುಡುಕುವ ಹಾಗೆ ಹುಡುಕುವವರು ಅಂತ. ಇದು ಬೈಗುಳವಲ್ಲ ಕಣಮ್ಮ, ಹೊಗಳಿಕೆ" ಎಂದಿತು. ಚೆಲುವಿಗೆ ಅದು ತುಂಬ ಹಿಡಿಸಿತು. ಅಲ್ಲಿಯವರೆಗೆ ಎಲ್ಲರೂ ಅವಳ ಈ ಸ್ವಭಾವವನ್ನು ಪೀಡೆ ಎಂದಷ್ಟೇ ಕರೆದಿದ್ದರು.

ಬೇಸಿಗೆ ಬಂತು. ಹೆಬ್ಬಾತು ತನ್ನ ಊರಿಗೆ ಹೊರಟುಹೋಯಿತು. ಹೊಳೆ ಬತ್ತಿ ಬರೀ ಮರಳಾಯಿತು. ಆದರೆ ಯಾರೂ ಹೆದರಲಿಲ್ಲ, ಯಾಕೆಂದರೆ ಆನೆ ಗೌರಜ್ಜಿ ಇದ್ದಳು. ಅವಳು ಪ್ರತಿ ಬೇಸಿಗೆಯಲ್ಲೂ ಮರಳಿನಲ್ಲಿ ಒರತೆ ತೋಡಿಕೊಡುತ್ತಿದ್ದಳು. ಒರತೆ ಎಂದರೆ ಮರಳು ತೋಡಿದಾಗ ಕೆಳಗಿನಿಂದ ತಾನಾಗಿ ಜಿನುಗುವ ನೀರು. ಈ ಸಲ ಅವಳು ಕರಿಬಂಡೆಯ ಪಕ್ಕದಲ್ಲಿ ತೋಡಿದಳು. ಎಲ್ಲರೂ ಮುಗಿಬಿದ್ದು ಕುಡಿದರು. ಚೆಲುವಿ ಮಾತ್ರ ಅಜ್ಜಿಯ ಕಾಲಿನ ಬಳಿ ನಿಂತಿದ್ದಳು.

"ಅಜ್ಜಿ, ನೀರು ಇಲ್ಲೇ ಇದೆ ಅಂತ ಹೇಗೆ ಗೊತ್ತಾಯಿತು?"

"ಮೊದಲು ಕುಡಿಯೇ. ಎಲ್ಲರೂ ಸೇರಿ ಖಾಲಿ ಮಾಡುತ್ತಾರೆ."

"ಕುಡಿಯುತ್ತೇನೆ. ಹೇಗೆ ಗೊತ್ತಾಯಿತು?"

ಗೌರಜ್ಜಿ ಸೊಂಡಿಲಿನಿಂದ ಅವಳ ಬೆನ್ನು ಸವರಿದಳು. ಅಷ್ಟು ವರ್ಷಗಳಲ್ಲಿ ಇದನ್ನು ಕೇಳಿದವರು ಯಾರೂ ಇರಲಿಲ್ಲ. "ಹೊಳೆ ಬತ್ತಿದರೆ ನೀರು ಸಾಯುವುದಿಲ್ಲ ಮಗಳೇ, ಕೆಳಗಿಳಿಯುತ್ತದೆ. ಬಿಸಿಲು ಏರಿದ ಹಾಗೆ ಇನ್ನೂ ಇಳಿಯುತ್ತದೆ. ಆಗ ಬೇರೆ ಜಾಗ ನೋಡಬೇಕು. ದಡದ ಹೊಳೆಮತ್ತಿ ಮರದ ಎಲೆ ಎಲ್ಲಿ ಹಸಿರಾಗಿದೆ ನೋಡು. ಬೆಳಿಗ್ಗೆ ಸಣ್ಣ ನೊಣಗಳು ಎಲ್ಲಿ ಮರಳಿನ ಮೇಲೇ ಸುತ್ತುತ್ತವೆ ನೋಡು. ಕಾಲಿಟ್ಟಾಗ ತಣ್ಣಗಿರಬೇಕು. ತೋಡುವಾಗ ತಟ್ಟೆಯ ಹಾಗೆ ಅಗಲವಾಗಿ, ಇಳಿಜಾರಾಗಿ ತೋಡು. ಮೊದಲು ಬರುವ ಕೆಸರು ನೀರನ್ನು ಹೊರಗೆ ಚೆಲ್ಲಿ, ಸ್ವಲ್ಪ ಕಾಯಬೇಕು."

ಬಂಡೆಯ ನೆರಳಲ್ಲಿ ನರಿ ಚಾಮಣ್ಣ ಹೊಟ್ಟೆ ತುಂಬ ನೀರು ಕುಡಿದು ಮಲಗಿದ್ದ. ಒಂದು ಕಣ್ಣು ತೆರೆದು, "ಜಾಗ ಗೊತ್ತಾಯಿತಲ್ಲ, ಸಾಕು. ಕಾರಣ ತೆಗೆದುಕೊಂಡು ನೆಕ್ಕುತ್ತೀಯಾ?" ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದ.

ಮರುದಿನ ಗೌರಜ್ಜಿ ಮೇವು ಹುಡುಕಿಕೊಂಡು ತನ್ನ ಹೆಣ್ಣುಮಕ್ಕಳ ಜೊತೆ ಗುಡ್ಡದ ಆಚೆಗೆ ಹೋದಳು. ಅವಳ ಬೆನ್ನು ಮರೆಯಾದ ಕೂಡಲೇ ಚಾಮಣ್ಣ ಒರತೆಯ ಬಾಯಲ್ಲಿ ಕೂತುಬಿಟ್ಟ.

"ಅಜ್ಜಿ ಇದನ್ನು ನನ್ನ ಕೈಗೆ ಒಪ್ಪಿಸಿ ಹೋಗಿದ್ದಾಳೆ. ಈ ನೀರಿಗೆ ಒಂದು ಗುಟ್ಟಿನ ವಿದ್ಯೆ ಇದೆ. ಅದು ನನಗೊಬ್ಬನಿಗೇ ಗೊತ್ತು. ನಾನು ಎದ್ದುಹೋದರೆ ನೀರೂ ಹೋಗುತ್ತದೆ. ಅದಕ್ಕೇ ಕುಡಿಯಲು ಬರುವವರು ನನಗೆ ಒಂದು ಬೊಗಸೆ ಕಾರೆಹಣ್ಣು ತರಬೇಕು" ಎಂದ.

ಇದು ಹಸಿ ಸುಳ್ಳು. ಆದರೆ ಎಲ್ಲರೂ ನಂಬಿದರು, ಯಾಕೆಂದರೆ ಅವರಲ್ಲಿ ಯಾರೂ ಅಜ್ಜಿಯನ್ನು ಏನೂ ಕೇಳಿರಲಿಲ್ಲ. ಚೆಲುವಿಯೂ ನಂಬಿದಳು. ಅವಳು ನಂಬಿದ್ದು ಬೇರೆ ಕಾರಣಕ್ಕೆ. ತನಗೆ ಗೊತ್ತಿಲ್ಲದ ವಿದ್ಯೆ ಇನ್ನೊಂದು ಇದೆ ಎಂದ ಕೂಡಲೇ ಅವಳ ಮೀಸೆ ನೆಟ್ಟಗಾಯಿತು.

"ಅಜ್ಜಿ ನನಗೆ ಹೇಳದ ಗುಟ್ಟೂ ಇದೆಯಾ? ಏನದು ಚಾಮಣ್ಣ? ನೊಣದ ವಿಷಯವಾ, ಮರದ ವಿಷಯವಾ?"

ಚಾಮಣ್ಣನಿಗೆ ಗಾಬರಿಯಾಯಿತು. ಅಜ್ಜಿ ಹೇಳುವಾಗ ಅವನು ಕಿವಿಗೊಟ್ಟಿರಲಿಲ್ಲ. ನೊಣ ಯಾವುದು, ಮರ ಯಾವುದು, ಅವನಿಗೆ ಏನೂ ಗೊತ್ತಿರಲಿಲ್ಲ. "ಇನ್ನೊಂದು ನಿಯಮ ಇದೆ" ಎಂದ. "ನೀರಿನ ಹತ್ತಿರ ಯಾರೂ ಪ್ರಶ್ನೆ ಕೇಳಬಾರದು. ಕೇಳಿದರೆ ನೀರಿಲ್ಲ. ಬೇರೆಯವರಿಗೆ ಇದು ಹೇಗೂ ಕಷ್ಟವಲ್ಲ. ನಿನಗೇ ಹೇಳುತ್ತಿರುವುದು."

ಎರಡು ದಿನ ಚೆಲುವಿ ಕಾರೆಹಣ್ಣು ಕೊಟ್ಟು, ಕುಡಿದು, ಏನೂ ಕೇಳದೆ ಬಂದಳು. ಮೂರನೆಯ ದಿನ ನೋಡಿದರೆ ನೀರು ಒಂದು ಗೇಣು ಕೆಳಗೆ ಹೋಗಿತ್ತು. ಅವಳಿಗೆ ತಡೆಯಲಾಗಲಿಲ್ಲ.

"ನೀರು ಇಳಿಯುತ್ತಿದೆ. ಈಗ ಏನು ಮಾಡುತ್ತೀಯ ಚಾಮಣ್ಣ?"

"ಕೇಳಿದಳು! ಎಲ್ಲರೂ ನೋಡಿದಿರಲ್ಲ?" ಎಂದು ಚಾಮಣ್ಣ ಹಲ್ಲು ತೋರಿಸಿ ಅವಳನ್ನು ಓಡಿಸಿದ.

ತಿಮ್ಮಕ್ಕ ಹಿಂದೆಯೇ ಬಂದಳು. "ಬಾಯಿ ಮುಚ್ಚಿಕೊಂಡು ಕುಡಿಯುವುದಕ್ಕೆ ನಿನಗೇನೇ ಕಷ್ಟ?"

"ಬಾಯಿ ಮುಚ್ಚಿಕೊಂಡು ಹೇಗೆ ಕುಡಿಯುವುದು ತಿಮ್ಮಕ್ಕ?"

ತಿಮ್ಮಕ್ಕನಿಗೆ ನಗು ಬಂತು. ಆಮೇಲೆ ಗೆಳತಿಯ ಒಣಗಿದ ಮೂತಿ ಕಂಡು ಅಳು ಬಂತು. "ಹೋಗಿ ತಪ್ಪಾಯಿತು ಅನ್ನು. ಸತ್ತುಹೋಗುತ್ತೀಯ."

ಚೆಲುವಿಗೂ ಸಾಯುವ ಭಯವಿತ್ತು. ಆದರೆ ನೀರು ಇಳಿಯುತ್ತಿರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ತಾನು ತಪ್ಪಾಯಿತು ಎಂದರೆ ಅದು ಇಳಿಯುವುದು ನಿಲ್ಲುವುದಿಲ್ಲ. ಅವಳು ಒಣಗಿದ ಗಂಟಲಲ್ಲೇ ಹೊಳೆಯ ಗುಂಟ ನಡೆದಳು.

ಆ ದಿನ ಏನೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಹೊಳೆ ತಿರುಗುವಲ್ಲಿ ಒಂದು ಹೊಳೆಮತ್ತಿ ಮರ ಹಸಿರಾಗಿ ನಿಂತಿತ್ತು. ಅದರ ಎದುರಿಗೆ ಮರಳಿನ ಮೇಲೆ ಸಣ್ಣ ನೊಣಗಳು ಸುತ್ತುತ್ತಿದ್ದವು. ಚೆಲುವಿ ಕಾಲಿಟ್ಟಳು. ತಣ್ಣಗಿತ್ತು. ಆತುರದಲ್ಲಿ ನೇರ ಕೆಳಕ್ಕೆ ತೋಡಿದಳು. ಮರಳು ಜಾರಿ ಗುಂಡಿ ಮುಚ್ಚಿಹೋಯಿತು. "ಓ, ತಟ್ಟೆಯ ಹಾಗೆ ಅಂದದ್ದು ಇದಕ್ಕಾ" ಎಂದುಕೊಂಡಳು. ಅಷ್ಟು ಬಾಯಾರಿಕೆಯಲ್ಲೂ, ಕಾರಣ ತಿಳಿಯಿತು ಎಂದು ಅವಳಿಗೆ ಖುಷಿಯಾಯಿತು. ಮತ್ತೆ ಅಗಲವಾಗಿ ತೋಡಿದಳು. ಕೆಸರು ನೀರು ಬಂತು. ಅದನ್ನು ಕುಡಿದುಬಿಡಬೇಕು ಎನ್ನಿಸಿದರೂ ಕುಡಿಯದೆ ಹೊರಗೆ ಚೆಲ್ಲಿದಳು. ಕಾದಳು. ನೀರು ತಿಳಿಯಾಯಿತು. ಆಮೇಲೆ ಕುಡಿದಳು.

ಎಲ್ಲರಿಗೂ ಹೇಳಲು ಓಡಿಬಂದಾಗ ಕರಿಬಂಡೆಯ ಹತ್ತಿರ ಗುಂಪು ಸೇರಿತ್ತು. ಮರಳಿನ ಮೇಲೆ ಚಾಮಣ್ಣನ ತಲೆ ಮಾತ್ರ ಕಾಣುತ್ತಿತ್ತು. ನಡೆದದ್ದು ಇಷ್ಟು. ನೀರು ಪೂರ್ತಿ ಇಳಿದಿತ್ತು. ಬೇರೆಯವರಿಗೆ ಸಿಗಬಾರದು ಎಂದು ಚಾಮಣ್ಣ ತನ್ನೊಬ್ಬನ ಮೈ ಹಿಡಿಸುವಷ್ಟು ಇಕ್ಕಟ್ಟಾಗಿ, ತನ್ನ ಬಿಲ ತೋಡುವ ಹಾಗೆ ನೇರ ಕೆಳಕ್ಕೆ ತೋಡಿದ್ದ. ಕೆಮ್ಮಣ್ಣಿನಲ್ಲಿ ಹಾಗೆ ತೋಡಿದರೆ ನಿಲ್ಲುತ್ತದೆ. ಮರಳು ನಿಲ್ಲುವುದಿಲ್ಲ. ಅದು ಕುಸಿದು ಅವನನ್ನು ಕತ್ತಿನವರೆಗೆ ಹೂತುಬಿಟ್ಟಿತ್ತು.

"ಗುಟ್ಟಿನ ವಿದ್ಯೆ ಇತ್ತಲ್ಲ, ಅದನ್ನು ಹೇಳಿಕೊಂಡು ಹೊರಗೆ ಬಾ" ಎಂದಿತು ನವಿಲು.

"ವಿದ್ಯೆ ಇಲ್ಲಪ್ಪ. ಸುಳ್ಳು ಹೇಳಿದೆ" ಎಂದ ಚಾಮಣ್ಣ. ಅವನ ಬಾಯಿ ತುಂಬ ಮರಳಿತ್ತು.

ತಿಮ್ಮಕ್ಕ ಅವನ ಕಿವಿ ಹಿಡಿದು ಎಳೆಯಲು ಹೋದಳು. ಚೆಲುವಿ ತಡೆದಳು. "ಎಳೆಯಬೇಡಿ. ಸುತ್ತಲಿನ ಮರಳನ್ನು ದೂರದಿಂದ ಅಗಲವಾಗಿ ತೆಗೆಯಿರಿ, ತಟ್ಟೆಯ ಹಾಗೆ." ಎಲ್ಲರೂ ಸೇರಿ ಹಾಗೆಯೇ ಮರಳು ತೆಗೆದರು. ಮಧ್ಯಾಹ್ನದ ಹೊತ್ತಿಗೆ ಚಾಮಣ್ಣ ಹೊರಗೆ ಬಂದ.

ಚೆಲುವಿ ಎಲ್ಲರನ್ನೂ ಹೊಸ ಒರತೆಗೆ ಕರೆದುಕೊಂಡು ಹೋದಳು. ಅಗಲವಾಗಿದ್ದುದರಿಂದ ಎಲ್ಲರಿಗೂ ಒಟ್ಟಿಗೆ ಕುಡಿಯಲು ಜಾಗವಿತ್ತು. ಕೊನೆಗೆ ಚಾಮಣ್ಣನೂ ಕುಡಿದ. ಯಾರೂ ಬೇಡ ಎನ್ನಲಿಲ್ಲ. ಆದರೆ ದಿನಾ ಬೆಳಿಗ್ಗೆ ಬಂದು ಕೆಸರು ನೀರು ಚೆಲ್ಲುವ ಕೆಲಸ ಅವನದೇ ಎಂದು ತಿಮ್ಮಕ್ಕ ತೀರ್ಮಾನ ಮಾಡಿದಳು. ಅವನು ತಲೆ ತಗ್ಗಿಸಿ ಹೊರಟ. ನಾಲ್ಕು ಹೆಜ್ಜೆ ಹೋಗಿ ನಿಂತ. ಹೊಟ್ಟೆ ತುಂಬ ನೀರಿತ್ತು, ಆದರೂ ಇನ್ನೇನೋ ಒಂದು ಬಾಯಾರಿಕೆ ತೀರಿರಲಿಲ್ಲ. ತಿರುಗಿ ಬಂದ.

"ಚೆಲುವಿ, ನೀರು ಇಲ್ಲೇ ಇದೆ ಅಂತ ನಿನಗೆ ಹೇಗೆ ಗೊತ್ತಾಯಿತು?"

ಚೆಲುವಿ ಪಕ್ಕಕ್ಕೆ ಸರಿದು ಅವನಿಗೆ ಕೂರಲು ಜಾಗ ಮಾಡಿದಳು. "ಮೊದಲು ಆ ಮರ ನೋಡು" ಎಂದಳು.

ನೀತಿ: ಬಾಯಾರಿದಾಗ ನೀರನ್ನು ಹುಡುಕುವಷ್ಟೇ ಆಸೆಯಿಂದ ತಿಳಿವಳಿಕೆಯನ್ನೂ ಹುಡುಕಬೇಕು. ಕಾರಣ ಕೇಳಿ ಕಲಿತವರು ಕಷ್ಟದಲ್ಲಿ ತಾವೂ ಉಳಿಯುತ್ತಾರೆ, ಬೇರೆಯವರನ್ನೂ ಉಳಿಸುತ್ತಾರೆ. ತಿಳಿಯದೆ ತಿಳಿದಂತೆ ನಟಿಸುವವರು ತಾವು ತೋಡಿದ ಗುಂಡಿಯಲ್ಲಿ ತಾವೇ ಸಿಕ್ಕಿಬೀಳುತ್ತಾರೆ.