ಡಬ್ಬಿಯ ಮೇಲಿನ ಟಿಕಲಿ

"ಅಜ್ಜಾರ, ಏನೂ ಮಾಡದೆ ಸುಮ್ಮನೆ ಪಕ್ಕದಲ್ಲಿ ಕೂತವರಿಂದ ಯಾರಿಗೆ ಏನು ಉಪಯೋಗ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಅಡಿವೆಪ್ಪ. ಮನೆ ಬಿಟ್ಟು ಮಠ ಸೇರುತ್ತೇನೆಂದು ಚೀಲ ತುಂಬಿಕೊಂಡು ಅಂದು ಬೆಳಿಗ್ಗೆ ಬಂದಿದ್ದ. ಹೆಂಡತಿಯೂ ಜೊತೆಗೆ ಬಂದಿದ್ದಳು. ಬೇಡ ಎನ್ನಲಿಲ್ಲ, ಅಳಲಿಲ್ಲ. ಮಠದ ಕಟ್ಟೆಯ ಮೇಲೆ ಕೂತಿದ್ದಳು.

"ಮದುವಿ ಆದಾಗಿಂದ ಹಿಂಗ ಕೂತಾಳ್ರೀ. ಬಿಟ್ಟು ಬಂದರ ಆಕಿಗೇನು, ನನಗೇನು?"

ಗುರುಗಳು ಈ ಕತೆ ಹೇಳಿದರು.

ಒಬ್ಬ ವಾದಕನಿದ್ದ. ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುವುದು ಅವನ ಹೊಟ್ಟೆಪಾಡು. ಆ ಗಿಟಾರು ತಾನಾಗಿ ದೂರಕ್ಕೆ ಕೇಳುವುದಿಲ್ಲ. ವೈರ್ ಹಚ್ಚಿ ಆಂಪ್ಲಿಫೈಯರಿಗೆ ಜೋಡಿಸಬೇಕು. ಮನೆಯಲ್ಲಿ ಅದಕ್ಕೆ ಡಬ್ಬಿ ಎನ್ನುತ್ತಿದ್ದರು. ಡಬ್ಬಿಯ ಮುಖದ ಮೇಲೆ ವೈರ್ ಚುಚ್ಚಲು ಒಂದು ತೂತು. ದನಿ ಏರಿಸಿ ಇಳಿಸಲು ಒಂದು ಗುಂಡಿ.

ವಾದಕನಿಗೆ ಒಂದು ರೂಢಿ ಇತ್ತು. ಚುಚ್ಚುವ ಮೊದಲು ವೈರಿನ ತುದಿಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿ, ತನಗೆ ಕಲಿಸಿದ ಗುರುವನ್ನು ನೆನೆಯುತ್ತಿದ್ದ. ಮುಚ್ಚಿದ ಕಣ್ಣಿನಲ್ಲೇ ಬೆರಳಿನಿಂದ ತೂತು ಹುಡುಕಿ ಚುಚ್ಚುತ್ತಿದ್ದ. ಆಮೇಲೆ ಕೈ ಮುಗಿದು ಕಣ್ಣು ತೆರೆಯುತ್ತಿದ್ದ. ಕಾರ್ಯಕ್ರಮದ ನಡುವೆ ಗಿಟಾರ್ ಬದಲಿಸುವಾಗ ಹಾಗೆಯೇ. ಕಾಲಿನಿಂದ ಒತ್ತುವ ಪೆಡಲ್ ಜೋಡಿಸುವಾಗಲೂ ಹಾಗೆಯೇ. ಬೇರೆಯವರು ವೈರ್ ಚುಚ್ಚಿದರೆ ಅವರ ಡಬ್ಬಿ ಢಬ್ ಎಂದು ಒದರುತ್ತಿತ್ತು. ಇವನದು ಒಮ್ಮೆಯೂ ಒದರಲಿಲ್ಲ.

"ಕೈಗುಣ," ಎನ್ನುತ್ತಿದ್ದ. ತಂಡದವರೂ ಹೌದೆನ್ನುತ್ತಿದ್ದರು.

ಅವನ ಹೆಂಡತಿ ಪ್ರತಿ ಕಾರ್ಯಕ್ರಮಕ್ಕೂ ಬರುತ್ತಿದ್ದಳು. ಡಬ್ಬಿಯ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಅವನಿಗೆ ಅದು ನಾಚಿಕೆ.

"ರಾಗ ತಿಳಿಯಂಗಿಲ್ಲ, ತಾಳ ತಿಳಿಯಂಗಿಲ್ಲ. ಸ್ಟೇಜ್ ಮ್ಯಾಲೆ ನಿನಗೇನು ಕೆಲಸ?"

"ನಿಮ್ಮ ಡಬ್ಬಿ ಕಾಯಾಕ ಕುಂತೀನ್ರೀ. ಯಾರರ ಹೊತ್ಕೊಂಡು ಹೋದರ?"

"ಹೊರಲಿ. ನಡಾ ಮುರಕೊಂಡು ಅಲ್ಲೇ ಬೀಳ್ತಾರ."

ಅವಳು ನಕ್ಕಳು. ಎದ್ದು ಹೋಗಲಿಲ್ಲ.

ಒಂದು ದಿನ ಗುಂಡಿಯ ಪಕ್ಕದಲ್ಲಿ ಕೆಂಪು ಟಿಕಲಿ ಅಂಟಿಸಿದ್ದು ಅವನ ಕಣ್ಣಿಗೆ ಬಿತ್ತು. ಹೆಣ್ಣುಮಕ್ಕಳು ಹಣೆಯಿಂದ ತೆಗೆದು ಕನ್ನಡಿಗೆ ಅಂಟಿಸುತ್ತಾರಲ್ಲ, ಅಂಥದು.

"ಮನಿ ಕನ್ನಡಿ ಸಾಲಲಿಲ್ಲೇನು? ಇದಕ್ಕೂ ಹಚ್ಚಿದಿ?"

"ಇರಲಿ ಬಿಡ್ರೀ. ಡಬ್ಬಿನೂ ಮುತ್ತೈದಿ ಆತು."

ಆಮೇಲೆ ಅವಳು ತೀರಿಕೊಂಡಳು. ಜ್ವರ ಬಂತು. ಆಸ್ಪತ್ರೆಗೆ ಹೋದಳು. ನಡೆದು ಹೋದವಳು ನಡೆದು ಬರಲಿಲ್ಲ.

ಕರ್ಮಾಂತರ ಮುಗಿಸಿ ವಾದಕ ಮತ್ತೆ ಕೆಲಸಕ್ಕೆ ಹೋದ. ಒಬ್ಬರ ಮನೆಯಲ್ಲಿ ತೊಟ್ಟಿಲ ಕಾರ್ಯ. ವೈರನ್ನು ಕಣ್ಣಿಗೊತ್ತಿಕೊಂಡ. ಗುರುವನ್ನು ನೆನೆದ. ಚುಚ್ಚಿದ.

ಢಬ್.

ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಚೀರಿತು. ಅದರ ಅಜ್ಜಿ ಎದ್ದು ನಿಂತು, "ಹೆಸರಿಡಾಕ ಕರದೀವೋ, ಜೀವ ತಗಿಯಾಕ ಕರದೀವೋ?" ಎಂದು ಬೈದಳು.

ಮುಂದಿನ ಕಾರ್ಯಕ್ರಮದಲ್ಲಿ ಮತ್ತೆ ಒದರಿತು. ಈ ಸಲ ಒಳಗೆ ಸ್ಪೀಕರಿನ ಹಾಳೆ ಹರಿಯಿತು. ತಂಡದ ಮಾಲೀಕ ಪಕ್ಕಕ್ಕೆ ಕರೆದು ಹೇಳಿದ. "ರಿಪೇರಿ ಮಾಡಿಸ್ಕೊಂಡು ಬಾರಪಾ. ಆಮ್ಯಾಲೂ ಹಿಂಗ ಒದರಿದರ ನಾ ಬ್ಯಾರೆಯವರನ್ನ ನೋಡ್ಕೋತೀನಿ."

ಹೆಂಡತಿ ಹೋದಳು, ಕೈಗುಣವೂ ಹೋಯಿತು, ಇನ್ನು ಅನ್ನವೂ ಹೋಗುತ್ತದೆ ಎಂದುಕೊಂಡ ವಾದಕ. ಡಬ್ಬಿ ಹೊತ್ತು ರಿಪೇರಿಯವನ ಹತ್ತಿರ ಹೋದ.

ರಿಪೇರಿಯವನು ಬಿಚ್ಚಿ ನೋಡಿದ. ಹೊಸ ಹಾಳೆ ಕೂರಿಸಿದ. "ಬ್ಯಾರೆ ಏನೂ ಕೆಟ್ಟಿಲ್ಲ. ದನಿ ಏರಿಸಿಟ್ಟು ವೈರ್ ಚುಚ್ಚಿದರ ಯಾವ ಡಬ್ಬಿ ಆದರೂ ಒದರತೈತಿ. ಮೊದಲ ಗುಂಡಿ ಇಳಿಸಬೇಕು. ನೀವು ಇಳಿಸಿದ್ದಿಲ್ಲೇನು?"

"ನಾ ಎಂದೂ ಇಳಿಸಿಲ್ಲ. ಆದರೂ ಒಮ್ಮೆನೂ ಒದರಿದ್ದಿಲ್ಲ."

"ಹಂಗಾದರ ಇಳಿಸೋರು ಬ್ಯಾರೆ ಇದ್ದರು ಬಿಡ್ರಿ." ರಿಪೇರಿಯವನು ಟಿಕಲಿಯ ಮೇಲೆ ಬೆರಳಿಟ್ಟ. "ಚುಚ್ಚೋ ಮೊದಲ ಇಳಿಸ್ಯಾರ. ಚುಚ್ಚಿದ ಮ್ಯಾಲೆ ಇಲ್ಲಿ ತನಕಾ ಏರಿಸ್ಯಾರ. ಗುರುತು ತಪ್ಪಬಾರದಂತ ಇದನ್ನ ಹಚ್ಯಾರ. ಚಲೋ ಉಪಾಯ. ಯಾರ್ರೀ ಅವರು?"

ವಾದಕ ಟಿಕಲಿಯನ್ನೇ ನೋಡುತ್ತ ನಿಂತ. ಒಂದು ಅಂಚು ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದ. ಅದು ಕೂತುಕೊಂಡಿತು. ಬೆರಳು ತೆಗೆದರೆ ಮತ್ತೆ ಎದ್ದೀತೆಂದು ಬಹಳ ಹೊತ್ತು ಒತ್ತಿಯೇ ಹಿಡಿದಿದ್ದ.

ಮುಂದಿನ ಕಾರ್ಯಕ್ರಮದಲ್ಲಿ ಅವನು ಕಣ್ಣು ಮುಚ್ಚಲಿಲ್ಲ. ಗುಂಡಿ ಇಳಿಸಿದ. ವೈರ್ ಚುಚ್ಚಿದ. ಟಿಕಲಿಯ ತನಕ ಏರಿಸಿದ. ಡಬ್ಬಿ ಒದರಲಿಲ್ಲ. ಮಾಲೀಕ ದೂರದಿಂದ ತಲೆಯಾಡಿಸಿದ. ಅವನ ಅನ್ನ ಉಳಿಯಿತು.

ವಾದಕ ಪಕ್ಕಕ್ಕೆ ತಿರುಗಿ ನೋಡಿದ. ಡಬ್ಬಿಯ ಪಕ್ಕದಲ್ಲಿ ಸ್ಟೂಲ್ ಇರಲಿಲ್ಲ. ಬರೀ ಸ್ಟೇಜಿನ ಹಲಗೆ ಇತ್ತು. ಡ್ರಮ್ಮಿನವನು ಕೋಲು ತಟ್ಟಿ ಲೆಕ್ಕ ಕೊಟ್ಟ. ಹಾಡು ಶುರುವಾಯಿತು. ಅವನ ಕೈ ತಂತಿಯ ಮೇಲೆ ಹಾಗೆಯೇ ನಿಂತಿತ್ತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಅಡಿವೆಪ್ಪ ನಿಟ್ಟುಸಿರು ಬಿಟ್ಟ. "ಎಂಥಾ ಮನಷಾ ರೀ ಅಂವ! ಆಕಿ ಇದ್ದಾಗ ಒಮ್ಮೆಯರ ಕಣ್ಣು ತೆರೆದು ನೋಡಬಾರದಾಗಿತ್ತೇನು?"

ಗುರುಗಳು ಅವನ ಬರಿಗೈ ನೋಡಿದರು.

"ಮನೆಯಿಂದ ತಂದ ನಿನ್ನ ಚೀಲ ಈಗ ಯಾರ ತೊಡೆಯ ಮೇಲಿದೆ, ಅಡಿವೆಪ್ಪಾ?"

ಅಡಿವೆಪ್ಪ ತಿರುಗಿ ಕಟ್ಟೆಯ ಮೇಲೆ ಕೂತ ಹೆಂಡತಿಯನ್ನು ನೋಡಿದ.